ಅಪ್ಪನ ರಿಟರ್ನ್‌ನಲ್ಲಿ ನಾನು ಅಳಿಸಿದ ಒಂದು ಸಾಲು

ಪ್ರತಿ ವರ್ಷ ಜುಲೈ ಕೊನೆಗೆ ಅಪ್ಪನ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕುವುದು ನನ್ನ ಕೆಲಸ. ಅಪ್ಪ ರಿಟೈರ್ಡ್ ಹೆಡ್‌ಮಾಸ್ಟರ್. ಪುತ್ತೂರಿನ ಸುತ್ತಮುತ್ತಲ ಹಳ್ಳಿ ಶಾಲೆಗಳಲ್ಲಿ 34 ವರ್ಷ ಪಾಠ ಮಾಡಿದವರು. ಪೆನ್ಷನ್, ಎರಡು ಎಫ್‌ಡಿಯ ಬಡ್ಡಿ, ಇಷ್ಟೇ ಆದಾಯ. ಬ್ಯಾಂಕಿನವರು ಕೊಟ್ಟ ಫಾರ್ಮ್ 16 ಅನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ, ನಾನು ಬೆಂಗಳೂರಿನಲ್ಲಿ ಕೂತು ಅರ್ಧ ಗಂಟೆಯಲ್ಲಿ ಮುಗಿಸುತ್ತೇನೆ. 2024ರ ಜುಲೈ 30ರ ರಾತ್ರಿಯೂ ಹಾಗೇ ಕೂತಿದ್ದೆ. ಪೋರ್ಟಲ್ ನಿಧಾನ ಇತ್ತು. ಮಾರನೇ ದಿನ ಕೊನೇ ದಿನ. ಐಟಿಆರ್-1ರಲ್ಲಿ (ಪೆನ್ಷನ್, ಬಡ್ಡಿಯಂಥ ಸರಳ ಆದಾಯದವರ ಫಾರ್ಮ್ ಅದು) ಎಲ್ಲ ಮೊದಲೇ ತುಂಬಿಕೊಂಡು ಬಂದಿತ್ತು. ಟಿಡಿಎಸ್, ಅಂದರೆ ಹಣ ಕೊಡುವವರೇ ಮೊದಲು ಹಿಡಿದುಕೊಂಡ ತೆರಿಗೆಯ ಪುಟದಲ್ಲಿ ಮಾತ್ರ ನನಗೆ ಗೊತ್ತಿಲ್ಲದ ಒಂದು ಸಾಲು ಇತ್ತು. ಯಾವುದೋ ಪ್ರೈವೇಟ್ ಲಿಮಿಟೆಡ್ ಕಂಪನಿ. ಕೊಟ್ಟ ಹಣ 2,28,400. ಹಿಡಿದ ತೆರಿಗೆ 68,520.

ಅಪ್ಪನಿಗೂ ಆ ಕಂಪನಿಗೂ ಏನು ಸಂಬಂಧ? ಯಾರದ್ದೋ ಪ್ಯಾನ್ ನಂಬರ್ ತಪ್ಪಾಗಿ ಟೈಪ್ ಆಗಿ ನಮ್ಮದಕ್ಕೆ ಬಂದು ಕೂತಿದೆ ಅಂದುಕೊಂಡೆ. ಹಾಗೆ ಆಗುವುದು ಉಂಟು. ಒಂದು ಅಕ್ಷರ ಆಚೀಚೆ ಆದರೆ ಸಾಕು. ಆ 68 ಸಾವಿರವನ್ನು ಕ್ಲೇಮ್ ಮಾಡಿದರೆ ರೀಫಂಡ್ ಬರುತ್ತಿತ್ತೋ ಏನೋ. ನಮ್ಮದಲ್ಲದ ದುಡ್ಡು ನಮಗ್ಯಾಕೆ? ಸಾಲಿನ ಪಕ್ಕದಲ್ಲಿದ್ದ ಡಿಲೀಟ್ ಗುರುತು ಒತ್ತಿದೆ. ಸಾಲು ಹೋಯಿತು. ರಿಟರ್ನ್ ಹಾಕಿ, ಅಪ್ಪನ ಫೋನಿಗೆ ಬಂದ ಓಟಿಪಿ ಕೇಳಿ ವೆರಿಫೈ ಮಾಡಿ ಮಲಗಿದೆ. ಪ್ರಾಮಾಣಿಕವಾಗಿ ನಡೆದುಕೊಂಡೆ ಅನ್ನುವ ಸಮಾಧಾನವೂ ಇತ್ತು.

ಆ ಸಾಲು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಅದರ ಬಗ್ಗೆ ಬರೆಯಬೇಕು ಅಂತ ತುಂಬ ದಿನದಿಂದ ಅನಿಸುತ್ತಿತ್ತು. ತಮ್ಮನನ್ನು ಕೇಳಿದೆ. "ಬರಿ ಅಕ್ಕಾ, ನನ್ನ ಹೆಸರು ಹಾಕ್ಬೇಡ ಅಷ್ಟೇ" ಅಂದ.

ಡಿಸೆಂಬರ್‌ನ ಎಸ್ಎಂಎಸ್

ಡಿಸೆಂಬರ್ ಮೂರನೇ ವಾರ ಅಪ್ಪನ ಫೋನಿಗೆ ಇಲಾಖೆಯ ಮೆಸೇಜ್ ಬಂತು. ನಿಮ್ಮ ರಿಟರ್ನ್‌ಗೂ ಎಐಎಸ್‌ಗೂ ತಾಳೆ ಆಗುತ್ತಿಲ್ಲ, ಸರಿ ನೋಡಿಕೊಳ್ಳಿ ಅನ್ನುವ ಅರ್ಥದ್ದು. ಎಐಎಸ್ ಅಂದರೆ ನಮ್ಮ ಪ್ಯಾನ್ ಮೇಲೆ ಆ ವರ್ಷ ನಡೆದ ಹಣದ ವ್ಯವಹಾರಗಳ ಬಗ್ಗೆ ಇಲಾಖೆಯ ಹತ್ತಿರ ಇರುವ ಪಟ್ಟಿ. ಆ ತಿಂಗಳು ಹೀಗೆ ತಾಳೆಯಾಗದ ಅನೇಕರಿಗೆ ಇಲಾಖೆ ಎಸ್ಎಂಎಸ್, ಇಮೇಲ್ ಕಳಿಸಿತ್ತು. ಅಪ್ಪ ಮೊದಲು ಅದನ್ನು ಮೋಸದ ಮೆಸೇಜ್ ಅಂದುಕೊಂಡರು. ನಾನೂ ಹಾಗೇ ಅಂದುಕೊಂಡೆ. ಆದರೂ ಲಿಂಕ್ ಒತ್ತದೆ ನೇರವಾಗಿ ಪೋರ್ಟಲ್‌ಗೆ ಹೋಗಿ ಎಐಎಸ್ ಪಿಡಿಎಫ್ ಇಳಿಸಿಕೊಂಡೆ. ಅದರ ಪಾಸ್‌ವರ್ಡ್ ಸಣ್ಣಕ್ಷರದ ಪ್ಯಾನ್, ಅದರ ಹಿಂದೆ ಹುಟ್ಟಿದ ದಿನಾಂಕ. ಅಪ್ಪನ ತಲೆಮಾರಿನ ಎಷ್ಟೋ ಜನರ ಹಾಗೆ ಅವರದ್ದೂ ಶಾಲೆಗೆ ಸೇರಿಸುವಾಗ ಬರೆಸಿದ ಜೂನ್ 1.

ಜುಲೈನಲ್ಲಿ ಕಂಡಿದ್ದು ಒಂದೇ ಸಾಲು. ಇಲ್ಲಿ ಅದು ಬಿಡಿಸಿಕೊಂಡು ಐದು ಸಾಲಾಗಿತ್ತು. ಸೆಕ್ಷನ್ 194ಬಿಎ. ಆನ್‌ಲೈನ್ ಆಟದಲ್ಲಿ ಗೆದ್ದ ಹಣ. ಆ ವರ್ಷದ ಐಟಿಆರ್-1ರ ಟಿಡಿಎಸ್ ಕೋಷ್ಟಕದಲ್ಲಿ ಸೆಕ್ಷನ್ ಹಾಕುವ ಕಾಲಂ ಇರಲಿಲ್ಲ. ಮರುವರ್ಷದ ಫಾರ್ಮ್‌ನಲ್ಲಿ ಬಂತು. ಅದು ಮೊದಲೇ ಇದ್ದಿದ್ದರೆ ನಾನು ಅಳಿಸುತ್ತಿದ್ದೆನಾ ಅಂತ ಆಗಾಗ ಯೋಚಿಸುತ್ತೇನೆ. ಇನ್ನೊಂದು ಮಾತು. ಈ ಕಾಗದಗಳಲ್ಲಿ ಆ್ಯಪ್‌ನ ಹೆಸರು ಇರುವುದಿಲ್ಲ. ಟಿವಿಯಲ್ಲಿ, ಕ್ರಿಕೆಟ್ ಮ್ಯಾಚ್ ನಡುವೆ ನಾವು ಆಗ ನೋಡುತ್ತಿದ್ದ ಹೆಸರು ಒಂದು, ತೆರಿಗೆ ಕಟ್ಟುವ ಕಂಪನಿಯ ಹೆಸರು ಇನ್ನೊಂದು. ಹಾಗಾಗಿ ನೋಡಿದ ಕೂಡಲೇ ಗುರುತು ಸಿಗುವುದಿಲ್ಲ. ನಾನು ಇಂಟರ್‌ನೆಟ್‌ನಲ್ಲಿ ಹುಡುಕಿದ ಮೇಲೇ ಅದು ರಮ್ಮಿ ಆಡಿಸುವ ಕಂಪನಿ ಅಂತ ಗೊತ್ತಾಗಿದ್ದು.

ಅಪ್ಪನಿಗೆ ಫೋನ್ ಮಾಡಿದೆ. "ಎಂತ ರಮ್ಮಿ? ನಾನು ಇಸ್ಪೀಟು ಮುಟ್ಟಿದವನೇ ಅಲ್ಲ. ನಿನಗೆ ಗೊತ್ತುಂಟಲ್ಲ" ಅಂದರು. ಗೊತ್ತಿತ್ತು. ಊರ ಜಾತ್ರೆಯಲ್ಲಿ ಗರಗರ ತಿರುಗಿಸುವ ಆಟದ ಹತ್ತಿರವೂ ನಮ್ಮನ್ನು ನಿಲ್ಲಲು ಬಿಡುತ್ತಿರಲಿಲ್ಲ ಅವರು. ಯಾರೋ ಅಪ್ಪನ ಪ್ಯಾನ್ ಕದ್ದಿದ್ದಾರೆ ಅಂತ ಇಬ್ಬರೂ ತೀರ್ಮಾನಿಸಿದೆವು. ಬೆಳಿಗ್ಗೆ 1930ಕ್ಕೆ ಫೋನ್ ಮಾಡುವುದು, ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಡುವುದು, ಎಐಎಸ್‌ನಲ್ಲಿ ಆ ಐದೂ ಸಾಲಿಗೆ 'ಈ ಮಾಹಿತಿ ನನ್ನದಲ್ಲ' ಅಂತ ಫೀಡ್‌ಬ್ಯಾಕ್ ಹಾಕುವುದು. ಆ ರಾತ್ರಿಯೇ ಫೀಡ್‌ಬ್ಯಾಕ್ ಪುಟ ತೆರೆದೆ. ಮಾಹಿತಿ ಸರಿ ಇದೆ, ಪೂರ್ತಿ ಸರಿಯಿಲ್ಲ, ಬೇರೆ ಪ್ಯಾನ್‌ಗೆ ಅಥವಾ ಬೇರೆ ವರ್ಷಕ್ಕೆ ಸೇರಿದ್ದು, ಎರಡು ಸಲ ಬಂದಿದೆ, ನಿರಾಕರಿಸುತ್ತೇನೆ. ಹೀಗೆ ಆಯ್ಕೆಗಳು. ಕೊನೆಯದನ್ನು ಒತ್ತುವುದಕ್ಕೆ ಮುಂಚೆ ಸುಮ್ನೆ ಒಂದು ಮಾತು ಕೇಳೋಣ ಅಂತ ತಮ್ಮನಿಗೆ ಫೋನ್ ಮಾಡಿದೆ. ಅವನು ಕಂಪ್ಯೂಟರ್ ತಿಳಿದವನು, ಪ್ಯಾನ್ ಹೇಗೆ ಕಳವಾಗುತ್ತೆ ಅಂತ ಅವನಿಗೆ ಗೊತ್ತಿರಬಹುದು ಅನ್ನುವುದಷ್ಟೇ ನನ್ನ ತಲೆಯಲ್ಲಿತ್ತು.

ಪೂರ್ತಿ ಹೇಳಿದೆ. ಆ ಕಡೆಯಿಂದ ಸದ್ದಿಲ್ಲ. ಲೈನ್ ಕಟ್ ಆಯಿತಾ ಅಂತ ಎರಡು ಸಲ ಹಲೋ ಅಂದೆ.

"ಅಕ್ಕಾ, ದೂರು ಕೊಡ್ಬೇಡ. ಅದು ನಂದು."

ಪಾಸ್‌ಬುಕ್

ತಮ್ಮ ಕ್ರಿಸ್‌ಮಸ್ ರಜೆಗೆ ಊರಿಗೆ ಬಂದ. ನಾನೂ ಹೋದೆ. ಅವನ ಹೆಸರಿನಲ್ಲಿ ಬೇರೊಂದು ಆ್ಯಪ್‌ನಲ್ಲಿ ಖಾತೆ ಇತ್ತು. ಈ ಆ್ಯಪ್‌ನಲ್ಲೂ ತನ್ನ ಹೆಸರಿನ ಖಾತೆ ಹಳೆಯದಾಗಿತ್ತು. ಹೊಸದಾಗಿ ಸೇರಿದವರಿಗೆ ಬೋನಸ್ ಸಿಗುತ್ತೆ ಅಂತ ಅಪ್ಪನ ಪ್ಯಾನ್ ಹಾಕಿ ಇನ್ನೊಂದು ಖಾತೆ ತೆರೆದಿದ್ದ. ಅಪ್ಪನ ಪ್ಯಾನ್ ಫೋಟೋ ಅವನ ಫೋನಿನಲ್ಲಿ ಇದ್ದೇ ಇತ್ತು, ಹಿಂದೆ ಯಾವಾಗಲೋ ವಿಮೆ ರಿನ್ಯೂ ಮಾಡುವಾಗ ತೆಗೆದದ್ದು. ಹಣ ಬಂದು ಹೋಗಿದ್ದು ಅಪ್ಪ ಮತ್ತು ಅವನ ಜಂಟಿ ಖಾತೆಯಲ್ಲಿ. ಮಂಗಳೂರಿನಲ್ಲಿ ಓದುವಾಗ ಖರ್ಚಿಗೆ ಅಂತ ಮಾಡಿಸಿದ ಖಾತೆ ಅದು. ಕಾರ್ಡು, ಯುಪಿಐ ಎಲ್ಲ ಇವನ ಕೈಯಲ್ಲಿ. ಪಾಸ್‌ಬುಕ್ ಮಾತ್ರ ಅಪ್ಪನ ಕಪಾಟಿನಲ್ಲಿ, ಪ್ಲಾಸ್ಟಿಕ್ ಕವರಿನ ಒಳಗೆ.

ಮಾರನೇ ದಿನ ಅಪ್ಪ ಆ ಪಾಸ್‌ಬುಕ್ ತಗೊಂಡು ಬ್ಯಾಂಕಿಗೆ ಹೊರಟರು. ನಾನೂ ಜೊತೆಗೆ ಹೋದೆ. ಎರಡು ವರ್ಷದಿಂದ ಎಂಟ್ರಿ ಹಾಕಿಸಿರಲಿಲ್ಲ. ಬಾಗಿಲ ಪಕ್ಕದ ಮಷೀನಿಗೆ ಪುಸ್ತಕ ಕೊಟ್ಟರು. ಅದು ಓದಿಕೊಂಡು ಕಿರ್ ಕಿರ್ ಅಂತ ಪ್ರಿಂಟ್ ಮಾಡತೊಡಗಿತು. ಒಂದು ಪುಟ ಮುಗಿಯಿತು, ತಿರುಗಿಸಿ ಹಾಕಿ ಅಂತು. ಇನ್ನೊಂದು ಪುಟ. ಇನ್ನೊಂದು. ನಮ್ಮ ಹಿಂದೆ ಸಾಲು ಬೆಳೆಯಿತು. ಒಬ್ಬರು ಹೆಂಗಸು "ಎಷ್ಟು ಉಂಟು ಮಾಷ್ಟ್ರೇ ನಿಮ್ಮದು" ಅಂತ ನಗುತ್ತಾ ಕೇಳಿದರು. ಅಪ್ಪ ಅವರನ್ನು ಮುಂದೆ ಬಿಟ್ಟು ಬದಿಯ ಬೆಂಚಿನಲ್ಲಿ ಕೂತರು. ಬೆರಳಿಟ್ಟು ಒಂದೊಂದೇ ಸಾಲು ಓದಿದರು, ಉತ್ತರಪತ್ರಿಕೆ ತಿದ್ದುವ ಹಾಗೆ. ಯುಪಿಐ 500. ಯುಪಿಐ 500. ಯುಪಿಐ 1,000. ಯುಪಿಐ 2,000. ಒಂದೇ ತಾರೀಕಿನಲ್ಲಿ ಹನ್ನೊಂದು ಸಲ. ಮಧ್ಯೆ ಎಲ್ಲೋ ಒಂದು ಕಡೆ 33,600 ಜಮಾ. ಮೂರು ದಿನದಲ್ಲಿ ಅದೂ ಐನೂರು ಸಾವಿರದ ಲೆಕ್ಕದಲ್ಲಿ ಹೊರಗೆ. ಕೊನೆಯಲ್ಲಿ ಬಾಕಿ 1,112 ರೂಪಾಯಿ.

ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಎರಡು ಲಕ್ಷದ ಇಪ್ಪತ್ತೆಂಟು ಸಾವಿರ ಗೆದ್ದದ್ದಂತೆ ಅಲ್ವಾ? ಎಲ್ಲಿ ಉಂಟು ಅದು?"

ಉತ್ತರ ಆ ಪುಸ್ತಕದಲ್ಲೇ ಇತ್ತು. ಈ ಆ್ಯಪ್‌ನಲ್ಲಿ ಗೆದ್ದದ್ದು ಇನ್ನೊಂದು ಆ್ಯಪ್‌ನಲ್ಲಿ ಹೋಗಿತ್ತು. ಅದರ ಜೊತೆಗೆ ತಮ್ಮನ ಸಂಬಳದ ಹಣವೂ ಹೋಗಿತ್ತು. ಆದರೆ ತೆರಿಗೆಯ ಲೆಕ್ಕ ಬೇರೆ. 2023ರ ಏಪ್ರಿಲ್ 1ರಿಂದ ಆನ್‌ಲೈನ್ ಆಟಕ್ಕೆ ಬಂದ ನಿಯಮದ ಪ್ರಕಾರ ಒಂದು ಕಂಪನಿ ತನ್ನಲ್ಲಿ ನಡೆದ ಲೆಕ್ಕವನ್ನು ಮಾತ್ರ ನೋಡುತ್ತೆ. ನೀವು ವಾಪಸ್ ತೆಗೆದ ಹಣ ಮತ್ತು ವರ್ಷದ ಕೊನೆಗೆ ಖಾತೆಯಲ್ಲಿ ಉಳಿದ ಹಣ ಒಂದು ಕಡೆ. ನೀವು ಕೈಯಿಂದ ಹಾಕಿದ ಹಣ ಮತ್ತು ವರ್ಷದ ಶುರುವಿನಲ್ಲಿ ಇದ್ದ ಹಣ ಇನ್ನೊಂದು ಕಡೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಉಳಿಯುವುದೇ ನಿವ್ವಳ ಗೆಲುವು. ಅದರ ಮೇಲೆ ನೇರ 30 ಪರ್ಸೆಂಟ್ ಹಿಡಿಯುತ್ತಾರೆ. ಲಾಟರಿಗೆ ಇರುವ ಹಾಗೆ 10,000ದ ಮಿತಿಯೂ ಇಲ್ಲ. ಬೇರೆ ಕಂಪನಿಯಲ್ಲಿ ಸೋತಿದ್ದನ್ನು ಇಲ್ಲಿ ಕಳೆಯುವ ಹಾಗಿಲ್ಲ. ರಿಟರ್ನ್‌ನಲ್ಲೂ ಕಳೆಯುವ ಹಾಗಿಲ್ಲ. ಮುಂದಿನ ವರ್ಷಕ್ಕೆ ಒಯ್ಯುವ ಹಾಗೂ ಇಲ್ಲ.

ಗೆದ್ದ ಹಣಕ್ಕೆ ಫಾರ್ಮ್ 16ಎ ಅನ್ನುವ ಟಿಡಿಎಸ್ ಸರ್ಟಿಫಿಕೇಟ್ ಬರುತ್ತೆ, ಹಿಡಿದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿ ಸಾಲು ಬೀಳುತ್ತೆ, ಎಸ್ಎಂಎಸ್ ಬರುತ್ತೆ. ಸೋತ ಹಣಕ್ಕೆ ಯಾರೂ ಯಾವ ಕಾಗದವನ್ನೂ ಕೊಡುವುದಿಲ್ಲ. ತಮ್ಮನ ಸ್ವಂತ ಎಐಎಸ್ ತೆಗೆದು ನೋಡಿದೆವು. ಅವನು ಜಾಸ್ತಿ ಸೋತಿದ್ದು ತನ್ನ ಹೆಸರಿನ ಖಾತೆಯಲ್ಲಿ. ಅಲ್ಲಿ ಆಟದ ಒಂದು ಸಾಲೂ ಇರಲಿಲ್ಲ. ಸಂಬಳ, ಬ್ಯಾಂಕ್ ಬಡ್ಡಿ, ಅಷ್ಟೇ. ಅಪ್ಪನ ಹೆಸರಿನಲ್ಲಿ ಅವನು ಗೆಲ್ಲದೆ ಹೋಗಿದ್ದರೆ ನಮಗೆ ಇವತ್ತಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತೆ.

ಆಡಿಟರ್ ಆಫೀಸಿನ ಬೆಂಚು

ತಿದ್ದುಪಡಿ ರಿಟರ್ನ್‌ಗೆ ಆಗ ಡಿಸೆಂಬರ್ 31 ಕೊನೇ ದಿನವಾಗಿತ್ತು. ಅಪ್ಪನ ಹಳೇ ಶಿಷ್ಯರೊಬ್ಬರು ಪೇಟೆಯಲ್ಲಿ ಆಡಿಟರ್. ಅವರ ಆಫೀಸಿನ ಹೊರಗೆ ಬೆಂಚಿನಲ್ಲಿ ಕಾಯುತ್ತಾ ಕೂತಾಗ ಪಕ್ಕದಲ್ಲಿ ಒಬ್ಬರು ಪೈಂಟಿಂಗ್ ಕೆಲಸದವರು ಇದ್ದರು. ಅಂಗಿಯ ತೋಳಲ್ಲಿ ನೀಲಿ ಬಣ್ಣದ ಚುಕ್ಕೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರಲ್ಲಿ ಲಾಟರಿ ಟಿಕೆಟ್‌ನ ಜೆರಾಕ್ಸ್, ಟಿಡಿಎಸ್ ಸರ್ಟಿಫಿಕೇಟ್, ಪ್ಯಾನ್. ಕರ್ನಾಟಕದಲ್ಲಿ 2007ರಲ್ಲೇ ಲಾಟರಿ ನಿಂತಿದೆ. ಆದರೆ ನಮ್ಮ ಕಡೆಯವರಿಗೆ ಕಾಸರಗೋಡು ಎಷ್ಟು ದೂರ? ಕೆಲಸಕ್ಕೆ ಹೋದವರು, ನೆಂಟರ ಮನೆಗೆ ಹೋದವರು ಕೇರಳದ ಟಿಕೆಟ್ ತಗೊಂಡು ಬರುತ್ತಾರೆ. ಆ ವರ್ಷದ ಓಣಂ ಬಂಪರ್‌ನ 25 ಕೋಟಿ ಮಂಡ್ಯ ಜಿಲ್ಲೆಗೆ ಬಂದಿತ್ತು. ಆ ಸುದ್ದಿ ಬಂದ ಮೇಲಂತೂ ಎಲ್ಲರ ಬಾಯಲ್ಲೂ ಅದೇ ಮಾತು. 25 ಕೋಟಿಯಲ್ಲಿ ಏಜೆಂಟ್ ಕಮಿಷನ್ 10 ಪರ್ಸೆಂಟ್ ಹೋಗಿ, ಉಳಿದದ್ದರಲ್ಲಿ 30 ಪರ್ಸೆಂಟ್ ತೆರಿಗೆ ಹೋಗಿ 15.75 ಕೋಟಿ ಕೈಗೆ ಅಂತ ಆ ಪೈಂಟಿಂಗ್ ಕೆಲಸದವರೇ ನಮಗೆ ಲೆಕ್ಕ ಹೇಳಿದರು.

ಅವರದ್ದು ಸಣ್ಣ ಬಹುಮಾನ. ಅವರ ಪ್ರಶ್ನೆಯೂ ನೇರವಾಗಿತ್ತು. ವರ್ಷಕ್ಕೆ ದುಡಿಯುವುದೇ ಎರಡು ಲಕ್ಷದ ಒಳಗೆ. ತೆರಿಗೆ ಕಟ್ಟುವಷ್ಟು ಆದಾಯ ಇಲ್ಲ. ಹಿಡಿದ ಹಣ ವಾಪಸ್ ಬರಬೇಕಲ್ಲ? ಬಾಗಿಲು ತೆರೆದೇ ಇದ್ದದ್ದರಿಂದ ಆಡಿಟರ್ ಹೇಳಿದ್ದು ನಮಗೂ ಕೇಳಿಸಿತು. ಬೇರೆ ಆದಾಯಕ್ಕೆ ಇಷ್ಟರವರೆಗೆ ತೆರಿಗೆ ಇಲ್ಲ ಅನ್ನುವ ಮಿತಿ ಇರುತ್ತಲ್ಲ, ಲಾಟರಿಗೆ, ಕುದುರೆ ರೇಸಿಗೆ, ಇಸ್ಪೀಟಿಗೆ ಅದು ಅನ್ವಯ ಆಗುವುದಿಲ್ಲ. ಟಿಕೆಟ್ ಕೊಂಡ ಖರ್ಚನ್ನೂ ಕಳೆಯುವ ಹಾಗಿಲ್ಲ. ಮೊದಲ ರೂಪಾಯಿಯಿಂದಲೇ 30. "ರಿಬೇಟಿನಲ್ಲಿ ಏನಾದರೂ ಬರುತ್ತದಾ ನೋಡ್ತೇನೆ. ಆದರೆ ಪೂರ್ತಿ ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ" ಅಂದರು. ಆ ಮನುಷ್ಯ ಕಾಗದಗಳನ್ನು ಒಂದೊಂದಾಗಿ ಕವರಿಗೆ ಹಾಕಿಕೊಂಡರು. ಟಿಕೆಟ್‌ನ ಜೆರಾಕ್ಸ್ ಎಲ್ಲಕ್ಕಿಂತ ಮೇಲೆ ಬರುವ ಹಾಗೆ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಇದು ಅನೇಕರು ಮಾಡುವ ತಪ್ಪು. "ಅವರೇ ತೆರಿಗೆ ಹಿಡಿದುಕೊಂಡು ಕೊಟ್ಟಿದ್ದಾರೆ, ಇನ್ನು ರಿಟರ್ನ್‌ನಲ್ಲಿ ತೋರಿಸುವುದು ಎಂತಕ್ಕೆ" ಅಂತ ಬಿಟ್ಟುಬಿಡುತ್ತಾರೆ. ತೋರಿಸಬೇಕು. ಹಿಡಿಯುವುದು 30 ಪರ್ಸೆಂಟ್, ಆದರೆ ನಿಜವಾದ ತೆರಿಗೆ ಅದರ ಮೇಲೆ 4 ಪರ್ಸೆಂಟ್ ಸೆಸ್ ಸೇರಿ 31.2. ಆ 1.2 ನಾವೇ ಕಟ್ಟಬೇಕು. ಒಟ್ಟು ಆದಾಯ 50 ಲಕ್ಷ ದಾಟಿದರೆ ಸರ್‌ಚಾರ್ಜ್ ಬೇರೆ. ಕೋಟಿ ಗೆದ್ದವರು ಕೈಗೆ ಬಂದದ್ದೆಲ್ಲ ತಮ್ಮದು ಅಂತ ಖರ್ಚು ಮಾಡಿ ಆಮೇಲೆ ಸಿಕ್ಕಿಬೀಳುವುದು ಇಲ್ಲೇ. ಐಟಿಆರ್-1ರಲ್ಲಿ ಈ ಆದಾಯ ತೋರಿಸಲು ಬರುವುದಿಲ್ಲ. ಐಟಿಆರ್-2 ಬೇಕು. ಅದರಲ್ಲೂ 'ಇತರೆ ಆದಾಯ' ಅಂತ ಸಾಮಾನ್ಯ ಸಾಲಿನಲ್ಲಿ ಬರೆದರೆ ತಪ್ಪು. ವಿಶೇಷ ದರದ ಕೋಷ್ಟಕದಲ್ಲಿ, ಲಾಟರಿಯಾದರೆ 115ಬಿಬಿ, ಆನ್‌ಲೈನ್ ಆಟವಾದರೆ 115ಬಿಬಿಜೆ ಎದುರು ಬರೆಯಬೇಕು. 2026ರ ಏಪ್ರಿಲ್‌ನಿಂದ ಹೊಸ ಕಾಯ್ದೆ ಬಂದು ಸೆಕ್ಷನ್ ನಂಬರ್ ಬದಲಾದರೂ ಹಳೇ ವರ್ಷದ ಕಾಗದಕ್ಕೆ ಹಳೇ ನಂಬರೇ.

ಯಾರ ಆದಾಯ ಇದು?

ನಮ್ಮ ಸರದಿ ಬಂತು. ತಮ್ಮ ತಾನೇ ಎಲ್ಲ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ಆಡಿಟರ್ ಸ್ವಲ್ಪ ಹೊತ್ತು ಪೆನ್ನು ತಿರುಗಿಸುತ್ತಾ ಕೂತು, ಮೂರು ದಾರಿ ಇದೆ ಅಂದರು. ಎಐಎಸ್‌ನಲ್ಲಿ 'ನನ್ನದಲ್ಲ' ಅಂತ ನಿರಾಕರಿಸಿ ಸುಮ್ಮನಿರುವುದು ಮೊದಲನೆಯದು. ಆದರೆ ಹಾಗೆ ಹಾಕಿದರೆ ಅದು ಮಾಹಿತಿ ಕೊಟ್ಟ ಕಂಪನಿಗೆ ಹೋಗುತ್ತೆ. ಅವರು ಕೆವೈಸಿ ತೋರಿಸಿ ಸರಿಯಾಗಿಯೇ ಇದೆ ಅನ್ನುತ್ತಾರೆ. ಅಪ್ಪನ ಪ್ಯಾನ್, ಅಪ್ಪನ ಹೆಸರಿರುವ ಬ್ಯಾಂಕ್ ಖಾತೆ. ಇನ್ನೊಂದು, ಅಪ್ಪನ ರಿಟರ್ನ್‌ನಲ್ಲೇ ಅದನ್ನು ಆದಾಯ ಅಂತ ತೋರಿಸಿ ಸೆಸ್ ಕಟ್ಟಿ ಮುಗಿಸುವುದು. ಸುಲಭ. ಯಾರೂ ಏನೂ ಕೇಳುವುದಿಲ್ಲ. ಮೂರನೆಯದು ಸ್ವಲ್ಪ ಉದ್ದ. ದುಡ್ಡು ಯಾರದ್ದೋ ಅವರ ರಿಟರ್ನ್‌ನಲ್ಲೇ ತೋರಿಸುವುದು.

"ಎರಡನೆಯದು ಮಾಡಿ" ಅಂತ ತಮ್ಮ ಅಂದ. ಅಪ್ಪನಿಗೆ ತೊಂದರೆ ಬೇಡ, ಸೆಸ್ ನಾನು ಕೊಡ್ತೇನೆ ಅಂತ.

ಅಪ್ಪ ಒಪ್ಪಲಿಲ್ಲ. ಅವರು ಜೋರಾಗಿ ಮಾತಾಡಲಿಲ್ಲ. "ನಾನು ಆಡಿದ್ದೇನೆ ಅಂತ ಸಹಿ ಹಾಕ್ಲಿಕ್ಕೆ ನನ್ನಿಂದ ಆಗುವುದಿಲ್ಲ" ಅಂದರು. ಆಗ ನನಗೆ ಒಂದು ವಿಷಯ ಹೊಳೆಯಿತು. ಜುಲೈನಿಂದ ನಾನು ಇದನ್ನು ಬರೀ ತಾಳೆ ಆಗದ ಅಂಕಿ ಅಂತ ನೋಡುತ್ತಿದ್ದೆ. ತಾಳೆ ಮಾಡಿಬಿಟ್ಟರೆ ತಪ್ಪು ಸರಿಹೋಯಿತು ಅಂತ. ಆದರೆ ರಿಟರ್ನ್‌ನ ಕೊನೇ ಪುಟದಲ್ಲಿ ಒಂದು ಘೋಷಣೆ ಇರುತ್ತೆ ಅಲ್ವಾ, ನಾನು ತಿಳಿದ ಮಟ್ಟಿಗೆ ಇದೆಲ್ಲ ನಿಜ ಅಂತ. ನಾವೆಲ್ಲ ಓದದೆ ಟಿಕ್ ಮಾಡುವ ಡಬ್ಬಿ. ಅಪ್ಪ ಅದನ್ನು ಓದುವ ಜಾತಿ. ಅಂಕಿ ತಾಳೆಯಾದರೂ ಅವರ ಪಾಲಿಗೆ ಅದು ಸುಳ್ಳೇ.

ಮೂರನೇ ದಾರಿಗೆ ಆಧಾರ ಆಗಿನ ತೆರಿಗೆ ನಿಯಮ 37ಬಿಎ. ಒಬ್ಬರ ಪ್ಯಾನ್‌ನಲ್ಲಿ ತೆರಿಗೆ ಹಿಡಿದಿದ್ದಾರೆ, ಆದರೆ ಆದಾಯ ಇನ್ನೊಬ್ಬರಿಗೆ ಸೇರಿದ್ದು ಅಂತಾದರೆ, ತೆರಿಗೆಯ ಕ್ರೆಡಿಟ್, ಅಂದರೆ ಹಿಡಿದ ತೆರಿಗೆಯನ್ನು ಕಟ್ಟಿದ್ದು ಅಂತ ಲೆಕ್ಕಕ್ಕೆ ಹಿಡಿಯುವುದು ಕೂಡ ಆ ಇನ್ನೊಬ್ಬರಿಗೇ ಹೋಗಬೇಕು. ಅದಕ್ಕೆ ಪ್ಯಾನ್ ಯಾರದ್ದೋ ಅವರು ಹಿಡಿದ ಕಂಪನಿಗೆ ಒಂದು ಡಿಕ್ಲರೇಷನ್ ಕೊಡಬೇಕು. ಕಾರಣ, ಇನ್ನೊಬ್ಬರ ಹೆಸರು, ವಿಳಾಸ, ಪ್ಯಾನ್ ಬರೆದು. ಕಂಪನಿ ತನ್ನ ಟಿಡಿಎಸ್ ಸ್ಟೇಟ್‌ಮೆಂಟ್ ತಿದ್ದಿದರೆ 26ಎಎಸ್‌ನಲ್ಲಿ ಸಾಲು ಸರಿಯಾದ ಜಾಗಕ್ಕೆ ಹೋಗುತ್ತೆ. ಆಡಿಟರ್ ತಮ್ಮನಿಗೆ ಒಂದು ಎಚ್ಚರಿಕೆಯನ್ನೂ ಕೊಟ್ಟರು. ಗೊತ್ತಿದ್ದೂ ಸುಳ್ಳು ಪ್ಯಾನ್ ಕೊಟ್ಟರೆ 10,000 ರೂಪಾಯಿ ದಂಡ ಹಾಕಲು ಕಾನೂನಿನಲ್ಲಿ ಅವಕಾಶ ಇದೆ. ನಿಜ ಬರೆದು ಕೊಡುವಾಗ ಅದಕ್ಕೂ ತಯಾರಿರಬೇಕು. ತಮ್ಮ ತಲೆ ಆಡಿಸಿದ.

ಡಿಕ್ಲರೇಷನ್ ಬರೆದದ್ದು ಅಪ್ಪ. ಟೈಪ್ ಮಾಡುವುದಕ್ಕೆ ಮುಂಚೆ ಕನ್ನಡದಲ್ಲಿ ಕೈಯಲ್ಲಿ ಬರೆದರು, ರೂಲ್ ಹಾಳೆಯ ಮೇಲೆ. ಎಡಕ್ಕೆ ಅಂಚು ಬಿಟ್ಟು. 'ನನ್ನ ಮಗನು ನನ್ನ ಅರಿವಿಗೆ ಬಾರದೆ' ಅಂತ ಶುರು ಮಾಡಿದರು. ಅಲ್ಲಿ ನಿಲ್ಲಿಸಿ, 'ನನ್ನ ಮಗನು' ಅನ್ನುವುದನ್ನು ಹೊಡೆದರು. ಏನು ಬರೆಯಬೇಕು ಅಂತ ಹೊಳೆಯಲಿಲ್ಲವೋ ಏನೋ, ತುಂಬ ಹೊತ್ತು ಪೆನ್ನು ಹಿಡಿದು ಕೂತಿದ್ದರು. ಆಮೇಲೆ ಹೊಡೆದದ್ದರ ಮೇಲೆಯೇ ಮತ್ತೆ 'ನನ್ನ ಮಗನು' ಅಂತ ಬರೆದರು. ಆ ಹಾಳೆ ನನ್ನ ಹತ್ತಿರ ಇದೆ.

ಕಂಪನಿಯ ಉತ್ತರ ನಾಲ್ಕು ದಿನಕ್ಕೆ ಬಂತು. ಕೆವೈಸಿಯಲ್ಲಿರುವ ಪ್ಯಾನ್ ಪ್ರಕಾರವೇ ತೆರಿಗೆ ಕಟ್ಟಲಾಗಿದೆ, ಬದಲಾಯಿಸಲು ಆಗುವುದಿಲ್ಲ, ನಿಮ್ಮ ದೂರಿನ ಟಿಕೆಟ್ ಮುಚ್ಚಲಾಗಿದೆ. ಎರಡು ಸಲ ಮತ್ತೆ ಬರೆದೆವು. ಎರಡು ಸಲವೂ ಅದೇ ಸಾಲು. ಅಷ್ಟರಲ್ಲಿ ಡಿಸೆಂಬರ್ 31 ಬಂದಿತ್ತು. ಪುಣ್ಯಕ್ಕೆ ಅವತ್ತೇ ಇಲಾಖೆ ಗಡುವನ್ನು 2025ರ ಜನವರಿ 15ಕ್ಕೆ ಮುಂದೂಡಿತು.

ಎರಡು ರಿಟರ್ನ್, ಒಂದೇ ಸಾಲು

ಜನವರಿ ಎರಡನೇ ವಾರ ಎರಡು ತಿದ್ದುಪಡಿ ರಿಟರ್ನ್ ಹಾಕಿದೆವು. ಐಟಿಆರ್-2ರ ಟಿಡಿಎಸ್ ಕೋಷ್ಟಕದಲ್ಲಿ ಇದಕ್ಕೇ ಜಾಗ ಇದೆ. ಐಟಿಆರ್-1ರಲ್ಲಿ ಅದೂ ಇಲ್ಲ. ಅಪ್ಪನ ರಿಟರ್ನ್‌ನಲ್ಲಿ ನಾನು ಜುಲೈನಲ್ಲಿ ಅಳಿಸಿದ ಸಾಲನ್ನು ಮತ್ತೆ ತಂದೆ. ಅದರ ಮುಂದೆ, ಈ ಆದಾಯ ಮತ್ತು ತೆರಿಗೆ ಬೇರೆ ವ್ಯಕ್ತಿಗೆ ಸೇರಿದ್ದು ಅನ್ನುವ ಕಾಲಂನಲ್ಲಿ ತಮ್ಮನ ಪ್ಯಾನ್ ಹಾಕಿದೆ. ತಮ್ಮನ ರಿಟರ್ನ್‌ನಲ್ಲಿ ಅದೇ ಸಾಲು ತಿರುಗುಮುರುಗಾಗಿ, ಬೇರೆ ವ್ಯಕ್ತಿ ಅನ್ನುವಲ್ಲಿ ಅಪ್ಪನ ಪ್ಯಾನ್. ವಿಶೇಷ ದರದ ಜಾಗದಲ್ಲಿ 2,28,400. ಅವನ ಸಂಬಳದ ತೆರಿಗೆಯನ್ನು ಅವನು ಕೆಲಸ ಮಾಡುವ ಕಂಪನಿ ಮೊದಲೇ ಹಿಡಿದಿತ್ತು. ಇದಕ್ಕೆ ಹೊಸದಾಗಿ ಕಟ್ಟಬೇಕಾಗಿ ಬಂದದ್ದು ಸೆಸ್ ಮಾತ್ರ, 2,740 ರೂಪಾಯಿ.

ಆ ಅಂಕಿ ನೋಡಿ ತಮ್ಮ ಅತ್ತುಬಿಟ್ಟ. ಇಷ್ಟೇನಾ ಅಂತಲ್ಲ. ಇಷ್ಟಕ್ಕೆ ಇಷ್ಟೆಲ್ಲ ಆಯಿತಲ್ಲಾ ಅಂತ.

ಅಪ್ಪನ ರಿಟರ್ನ್ ಮಾರ್ಚ್‌ನಲ್ಲಿ ಪ್ರೊಸೆಸ್ ಆಯಿತು, ತಕರಾರಿಲ್ಲದೆ. ತಮ್ಮನದ್ದು ಏಪ್ರಿಲ್‌ನಲ್ಲಿ ಬಂತು. ಕ್ರೆಡಿಟ್ ಕೊಟ್ಟಿರಲಿಲ್ಲ. 26ಎಎಸ್‌ನಲ್ಲಿ ಅವನ ಪ್ಯಾನ್‌ಗೆ ಆ ತೆರಿಗೆ ಕಾಣುತ್ತಿಲ್ಲ ಅಂತ ಬಡ್ಡಿ ಸಮೇತ 70 ಸಾವಿರ ದಾಟಿದ ಡಿಮಾಂಡ್. ಇಂಥ ಹೊತ್ತಲ್ಲಿ ಗಾಬರಿಯಾಗಿ ಹಣ ಕಟ್ಟಿಬಿಡುವವರೂ ಇದ್ದಾರೆ, ನೋಡದೆ ಬಿಡುವವರೂ ಇದ್ದಾರೆ. ಎರಡೂ ಬೇಡ. ಡಿಮಾಂಡ್ ಒಪ್ಪುವುದಿಲ್ಲ ಅಂತ ಪೋರ್ಟಲ್‌ನಲ್ಲಿ ಕಾರಣ ಬರೆದು ಉತ್ತರ ಕೊಟ್ಟೆವು. ಜೊತೆಗೆ ಸೆಕ್ಷನ್ 154ರ ಕೆಳಗೆ ರೆಕ್ಟಿಫಿಕೇಷನ್, ಅಂದರೆ ಆದೇಶದ ತಪ್ಪು ತಿದ್ದಿ ಅನ್ನುವ ಅರ್ಜಿ ಹಾಕಿದೆವು. ಮೊದಲ ಸಲ ತಿರಸ್ಕಾರ. ಆಮೇಲೆ ಅಪ್ಪನ ಡಿಕ್ಲರೇಷನ್, ಕಂಪನಿಯ ಇಮೇಲ್‌ಗಳು, ಪಾಸ್‌ಬುಕ್‌ನ ಪುಟಗಳು, ಎರಡೂ ರಿಟರ್ನ್‌ಗಳ ಪ್ರತಿ, ಎಲ್ಲ ಸೇರಿಸಿ ಅವನ ವ್ಯಾಪ್ತಿಯ ಅಧಿಕಾರಿಗೆ ಕೊಟ್ಟೆವು. ಜುಲೈ ಕೊನೆಗೆ ಕ್ರೆಡಿಟ್ ಸಿಕ್ಕಿ ಡಿಮಾಂಡ್ ಸೊನ್ನೆಯಾಯಿತು. ದಂಡದ ಮಾತು ಯಾರೂ ಎತ್ತಲಿಲ್ಲ.

ಗಡುವು ದಾಟಿದವರಿಗೆ ಒಂದು ಮಾತು. ತಿದ್ದುಪಡಿಯ ಗಡುವು ಮುಗಿದ ಮೇಲೆ ಬಿಟ್ಟುಹೋದ ಗೆಲುವು ನೆನಪಾದರೆ ಐಟಿಆರ್-ಯು ಅಂತ ತಡವಾಗಿ ತಿದ್ದಿ ಹಾಕುವ ರಿಟರ್ನ್ ಇದೆ. ಮೊದಲು ಎರಡು ವರ್ಷ ಇತ್ತು, 2025ರಿಂದ ನಾಲ್ಕು ವರ್ಷದವರೆಗೆ ಹಾಕಬಹುದು. ತಡವಾದಷ್ಟೂ ತೆರಿಗೆ ಮತ್ತು ಬಡ್ಡಿಯ ಮೇಲೆ 25, 50, 60, 70 ಪರ್ಸೆಂಟ್ ಹೆಚ್ಚುವರಿ ಬೀಳುತ್ತೆ. ರೀಫಂಡ್ ಕೇಳಲು ಅದು ಬರುವುದಿಲ್ಲ.

ಆಗಸ್ಟ್

2025ರ ಆಗಸ್ಟ್‌ನಲ್ಲಿ ಹಣ ಹಾಕಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂತು. ತಮ್ಮ ಆಟ ಬಿಟ್ಟು ಆಗಲೇ ಎಂಟು ತಿಂಗಳಾಗಿತ್ತು. ಟಿವಿಯಲ್ಲಿ ಸುದ್ದಿ ಬಂದಾಗ ಅಪ್ಪ ಸೌಂಡ್ ಜಾಸ್ತಿ ಮಾಡಲಿಲ್ಲ, ಚಾನೆಲ್ ಬದಲಾಯಿಸಲೂ ಇಲ್ಲ. ಆ ವರ್ಷ ರಿಟರ್ನ್ ಗಡುವು ಸೆಪ್ಟೆಂಬರ್‌ಗೆ ಹೋಗಿತ್ತು. ನಾನು ಈ ಸಲ ಬೆಂಗಳೂರಿನಿಂದ ಹಾಕುವುದಿಲ್ಲ ಅಂತ ಚೌತಿಗೆ ಊರಿಗೆ ಹೋದವಳು ಹಬ್ಬದ ಮಾರನೇ ದಿನ ಚಾವಡಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆ. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡರು. ಎಐಎಸ್ ತೆರೆದು ಒಂದೊಂದೇ ಸಾಲು ಜೋರಾಗಿ ಓದಿದೆ. ಪೆನ್ಷನ್. ಹೌದು. ಎಫ್‌ಡಿ ಬಡ್ಡಿ. ಹೌದು, ಎರಡು ಉಂಟು. ಎಸ್‌ಬಿ ಬಡ್ಡಿ. ಹೌದು.

ಕೊನೆಗೆ ಡಿವಿಡೆಂಡ್ ಅಂತ ಒಂದು ಸಾಲು. 84 ರೂಪಾಯಿ. ನಾನು ಕೇಳೇ ಇರದ ಒಂದು ಕಂಪನಿ. ನನ್ನ ಬೆರಳು ಮೌಸ್ ಮೇಲೆ ನಿಂತಿತು.

"ಅಪ್ಪಾ, ಇದು ನಮ್ಮದಾ?"

ಅವರು ಕನ್ನಡಕ ಮೇಲೆತ್ತಿ ಪರದೆಗೆ ಹತ್ತಿರ ಬಂದರು. ಹೆಸರನ್ನು ಎರಡು ಸಲ ಓದಿದರು. "ಇದು 1994ರಲ್ಲಿ ತಗೊಂಡದ್ದು. ಆವಾಗ ಸ್ಟಾಫ್‌ರೂಮಿನಲ್ಲಿ ಎಲ್ಲರೂ ಶೇರು ಶೇರು ಅಂತ ಹೇಳ್ತಾ ಇದ್ದರು. ನಾನೂ ಅಮ್ಮನಿಗೆ ಹೇಳದೆ ಎರಡು ಸಾವಿರ ಹಾಕಿದ್ದೆ" ಅಂದರು. ಒಳಗಿನಿಂದ ಅಮ್ಮ "ಎಂತ ಹೇಳದೆ?" ಅಂದರು. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ತಮ್ಮ ತಲೆ ಎತ್ತಿ ನೋಡಿದ. ಅಪ್ಪ ಅವನ ಕಡೆ ತಿರುಗಿ, "ಬಾ ಮಾರಾಯ, ನೀನೂ ಇಲ್ಲಿ ಕೂತುಕೋ. ನಿನ್ನದೂ ಇವತ್ತೇ ಓದಿ ಮುಗಿಸುವ" ಅಂತ ಇನ್ನೊಂದು ಕುರ್ಚಿ ಎಳೆದರು.